ಕೋಣನ ಮುಂದಿನ ಕಿನ್ನರಿ

ಮಾರಿಕಣಿವೆಗೆ ಶಾಲೆಯ ಪುಸ್ತಕದಲ್ಲಿ ವಾಣಿವಿಲಾಸ ಸಾಗರ ಎಂದು ಹೆಸರು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಅಣೆಗೆ ರಾಣಿಯ ಹೆಸರಿಟ್ಟರು. ನಮ್ಮ ಕೇರಿಯ ಬಾಯಲ್ಲಿ ಮಾತ್ರ ಅದು ಕಣಿವೆ ಮಾರಮ್ಮನ ಹೆಸರಲ್ಲೇ ಉಳಿಯಿತು. ಒಂದೇ ನೀರಿಗೆ ಎರಡು ಹೆಸರು ಕೇಳಿಕೊಂಡು ಬೆಳೆದವನು ನಾನು. ಆದರೂ ಒಂದು ಗಾದೆಗೆ ಎರಡು ಅರ್ಥ ಇರಬಹುದೆಂದು ಹೊಳೆಯಲು ಬಹಳ ವರ್ಷ ಹಿಡಿಯಿತು.

ಏಳನೇ ಕ್ಲಾಸು. ಮೇಷ್ಟ್ರು ಹಳಗನ್ನಡದ ಪದ್ಯವೊಂದನ್ನು ರಾಗವಾಗಿ ಓದಿ, ಅರ್ಥ ಹೇಳೋ ಅಂದರು. ಸುಮ್ಮನೆ ನಿಂತೆ. 'ಕೋಣನ ಮುಂದೆ ಕಿನ್ನರಿ ಬಾರ್ಸಿದಂಗಾಯ್ತು' ಅಂದರು. ಕ್ಲಾಸೆಲ್ಲ ನಕ್ಕಿತು. ನಗೋರ ಜೊತೆ ನಾನೂ ನಕ್ಕೆ. ಇವತ್ತಿಗೂ ಚುಚ್ಚೋದು ಅದೇ.

ಅಂದು ರಾತ್ರಿ, ಗೌಡರ ಮನೆಯ ಜೀತ ಮುಗಿಸಿ ಬಂದ ಅಪ್ಪನನ್ನು ಕಿನ್ನರಿ ಅಂದ್ರೆ ಏನಪ್ಪ ಎಂದು ಕೇಳಿದೆ. 'ಜೋಗೇರು ತಂತಿ ಮೀಟ್ತಾರಲ್ಲ, ಅದಿರ್ಬೇಕು ಕಣ್ಲಾ. ಕೋಣನ ವಿಚಾರ ಬೇಕಾರೆ ಕೇಳು, ಹೇಳ್ತೀನಿ' ಅಂದ.

ಅವನಿಗೆ ಗೊತ್ತಿತ್ತು. ಮೇಯಿಸೋನು, ಸತ್ತರೆ ಹೊರೋನು, ಚರ್ಮ ಸುಲಿದು ಹದ ಮಾಡೋನು ಅವನೇ. ಹಿನ್ನೀರಿನಲ್ಲಿ ಮೂಗಿನವರೆಗೆ ಮುಳುಗಿ ಕೂತ ಎಮ್ಮೆ, ಅವ್ವ ದಡದಲ್ಲಿ ನಿಂತು ಕೂಗಿದರೆ ಕಿವಿ ನಿಮಿರಿಸಿ ಏಳುತ್ತಿತ್ತು. ಬೇರೆ ಯಾರು ಕೂಗಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಮಾರಿಯ ಕಥೆಯಲ್ಲಿ ಈ ಕೋಣ ಯಾರು? ಹಳ್ಳಿಹಳ್ಳಿಯಲ್ಲಿ ಹೇಳುತ್ತಾರೆ: ಹೊಲೆಯರ ಹುಡುಗನೊಬ್ಬ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ. ಗುಟ್ಟು ಬಯಲಾದಾಗ ಅವಳು ಉರಿದು ಮಾರಿಯಾದಳು, ಅವನು ಕೋಣನಾದ. ಹಬ್ಬ ಬಂದಾಗಲೆಲ್ಲ ಅವನ ತಲೆ ಬೀಳಬೇಕು. ದೇವಸ್ಥಾನದ ಪ್ರಾಣಿಬಲಿಯನ್ನು ತಡೆಯಲು 1959ರಲ್ಲೇ ಕಾನೂನು ಬಂತು. ಕಥೆಯನ್ನು ಯಾವ ಕಾನೂನು ತಡೆದೀತು? ಅವತ್ತು ಕ್ಲಾಸು ನಕ್ಕಿದ್ದು ಬರೀ ದಡ್ಡನನ್ನು ಕಂಡಲ್ಲ.

ಕೋಣ ಅಂದವರ ಕೂದಲೂ ಕೊಂಕಲಿಲ್ಲ. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದದ್ದಕ್ಕೆ ನಾಡೇ ಹೊತ್ತಿಕೊಂಡಿತು. ಅವರು ಮಂತ್ರಿಪದವಿ ಬಿಡಬೇಕಾಯಿತು, ದಲಿತ ಹುಡುಗರು ಏಟು ತಿಂದರು. ಬೂಸಾ ಅಂದರೆ ದನ ತಿನ್ನುವುದು. ಒಂದು ದಿನವಾದರೂ ದನಕ್ಕೆ ಬೂಸಾ ಕಲಸಿಟ್ಟವರು ಅದನ್ನು ಅಷ್ಟು ಕೀಳೆಂದು ತಿಳಿಯುತ್ತಿರಲಿಲ್ಲವೇನೋ.

ಈ ಗಾದೆ ನಮ್ಮದೊಂದೇ ಸೊತ್ತಲ್ಲ. ಹಿಂದಿಯವರು ಎಮ್ಮೆಯ ಮುಂದೆ ಪುಂಗಿ ಊದುತ್ತಾರೆ, ಬರ್ಮಾದವರು ಎಮ್ಮೆಗೇ ತಂತಿವಾದ್ಯ ಕೇಳಿಸುತ್ತಾರೆ, ಬೈಬಲ್ಲಿನಲ್ಲಿ ಹಂದಿಯ ಮುಂದೆ ಮುತ್ತು. ಎಲ್ಲಿ ಹೋದರೂ ತಪ್ಪು ಕೇಳೋನದೇ, ಬಾರಿಸೋನದಲ್ಲ.

ಚೀನಾದಲ್ಲೂ ಹಸುವಿನ ಮುಂದೆ ವೀಣೆಯಂಥ ವಾದ್ಯ ನುಡಿಸುವ ಮಾತಿದೆ. ಅದರ ಹಿಂದೊಂದು ಹಳೆಯ ಕಥೆ. ಗೊಂಗ್‌ಮಿಂಗ್ ಯಿ ಎಂಬ ವಾದ್ಯಗಾರ ದೊಡ್ಡ ರಾಗ ನುಡಿಸಿದ. ಹಸು ತಲೆಯೆತ್ತದೆ ಮೇಯುತ್ತಲೇ ಇತ್ತು. ಆಗ ಅವನು ರಾಗ ಬಿಟ್ಟು ಸೊಳ್ಳೆ ನೊಣಗಳ ಗುಂಯ್‌ಗಾಟವನ್ನೂ ತಾಯಿ ತಪ್ಪಿದ ಕರುವಿನ ಕೂಗನ್ನೂ ತಂತಿಯಲ್ಲಿ ಹೊರಡಿಸಿದ. ಹಸು ಬಾಲ ಬೀಸಿತು, ಕಿವಿ ನಿಮಿರಿಸಿತು, ಹೆಜ್ಜೆ ಹಾಕುತ್ತ ಕೇಳಿತು. ಗಾದೆ ಮಾಡಿದವರು ಈ ಅರ್ಧವನ್ನು ಕೈಬಿಟ್ಟರು. ಇದನ್ನು ಓದಿದ ದಿನ ನನಗೆ ಅವ್ವನ ಕೂಗು ಕೇಳಿಸಿದಂತಾಯಿತು.

ಇಷ್ಟೆಲ್ಲ ಬರೆಯುವ ನಾನೇನು ಕಡಿಮೆಯವನಲ್ಲ. ಮೇಷ್ಟ್ರಾದ ಮೇಲೆ ಒಂದು ದಿನ ಸಂಧಿ ಹೇಳಿ ಹೇಳಿ ಸಾಕಾಗಿ, ಹಿಂದಿನ ಸಾಲಿನ ಹುಡುಗಿಗೆ 'ಕೋಣನ ಮುಂದೆ' ಅಂದುಬಿಟ್ಟೆ. ಉಳಿದದ್ದು ಗಂಟಲಲ್ಲೇ ನಿಂತಿತು. ಅವಳು ನಗಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

'ನಮ್ಮೆಮ್ಮೆ ಕೂಗಿದ್ರೆ ಬರ್ತೈತೆ ಸಾರ್' ಅಂದಳು.

ಹೆಂಗೆ ಕೂಗ್ತೀಯಮ್ಮ ಅಂದೆ. ಎದ್ದು ನಿಂತು ಕೂಗಿ ತೋರಿಸಿದಳು.