ಬಚ್ಚಲಿನ ಬಿಳಿ ಪೊರೆ

ಮೈಯ ಕೊಳೆಯನ್ನು ಕಳೆಯುವ ಸಾಬೂನೇ ಬಚ್ಚಲಿನ ಗೋಡೆಗೆ ಕೊಳೆಯಾಗಿ ಅಂಟುವುದು ವಿಚಿತ್ರವಲ್ಲವೇ? ನಮ್ಮ ಮನೆಗೆ ಬರುವುದು ಕೊಳವೆಬಾವಿಯ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನೊಡನೆ ಕೂಡಿ ನೀರಿನಲ್ಲಿ ಕರಗದ ಬಿಳಿ ಪೊರೆಯಾಗುತ್ತವೆ. ನೆಲದ ಮೇಲೆ ಅದು ಕಾಲು ಜಾರಿಸುತ್ತದೆ. ಮನೆಯಲ್ಲಿ ವೃದ್ಧರಾದ ತಾಯಿಯವರಿರುವುದರಿಂದ ಇದನ್ನು ಅಲಕ್ಷಿಸಲಾಗದು. ಅಂಗಡಿಯ ಆ್ಯಸಿಡ್ ತಂದರೆ ಅದರ ಘಾಟಿಗೆ ಅವರಿಗೆ ಕೆಮ್ಮು ಹತ್ತುತ್ತದೆ.

ಆದುದರಿಂದ ಅಡುಗೆಮನೆಯನ್ನೇ ಆಶ್ರಯಿಸಿದೆವು. ವಿನೆಗರಿಗೆ ಸಮಪಾಲು ಬಿಸಿನೀರು ಬೆರೆಸಿ ಟೈಲ್ಸಿಗೆ ಹಚ್ಚಿ, ಕಾಲು ಗಂಟೆ ಬಿಟ್ಟು ತೊಳೆಯಬೇಕು. ಹುಳಿಯು ಪೊರೆಯನ್ನು ಸಡಿಲಿಸುತ್ತದೆ. ಉಳಿದುದನ್ನು ಅಡುಗೆ ಸೋಡಾ ಹಾಕಿ ಉಜ್ಜಬೇಕು. ಎರಡನ್ನೂ ಮೊದಲೇ ಕಲೆಸಿದರೆ ನೊರೆಯೇನೋ ಏಳುತ್ತದೆ, ಆದರೆ ಒಂದರ ಬಲವನ್ನು ಇನ್ನೊಂದು ಕಳೆಯುತ್ತದೆ. ಶಹಾಬಾದ್ ಕಲ್ಲು, ಅಮೃತಶಿಲೆಗಳಿಗೆ ಹುಳಿ ಸೋಕಿಸಬಾರದು. ಸುಣ್ಣದ ಅಂಶವುಳ್ಳ ಅವು ಸವೆಯುತ್ತವೆ. ಅಲ್ಲಿಗೆ ಸೋಡಾ ಮತ್ತು ಮೃದುವಾದ ಬ್ರಷ್ ಸಾಕು. ವಿನೆಗರನ್ನು ಬ್ಲೀಚಿಂಗ್ ಪುಡಿಯೊಡನೆ ಎಂದಿಗೂ ಸೇರಿಸಕೂಡದು. ಕ್ಲೋರಿನ್ ಎಂಬ ವಿಷವಾಯು ಹೊಮ್ಮುತ್ತದೆ.

ಈ ಪೊರೆ ಒಂದೇ ದಿನದಲ್ಲಿ ಕಟ್ಟಿದುದಲ್ಲ. ಸ್ನಾನವಾದೊಡನೆ ಗೋಡೆಯ, ನೆಲದ ನೀರನ್ನು ಒರೆಸಿಬಿಟ್ಟರೆ ಅದಕ್ಕೆ ನೆಲೆಯೇ ಸಿಗದು. ದಿನಕ್ಕೆ ಎರಡು ನಿಮಿಷದ ಈ ಕಾಯಕದಿಂದ ಹಿರಿಯರ ಹೆಜ್ಜೆಗೆ ಭದ್ರತೆಯುಂಟು.