ಎಣಿಕೆ ಮೀರಿದ ಕಂಪಿತ

ತಂತಿಯನ್ನಾಗಲಿ ಉಸಿರನ್ನಾಗಲಿ ಆಶ್ರಯಿಸದೆ, ಕೇವಲ ಅಂಕಿಗಳ ಲೆಕ್ಕಾಚಾರದಿಂದಲೇ ನಾದವನ್ನು ಹುಟ್ಟಿಸುವ ಯಂತ್ರವೊಂದರಲ್ಲಿ ರಸಿಕನಾದವನು ಮೆಚ್ಚತಕ್ಕದ್ದೇನಿದೆಯೆಂದು ಕಚೇರಿಗಳಲ್ಲಿ ಹಾಡುವ ನನ್ನ ಮಿತ್ರರು ಕೇಳುವುದುಂಟು. ಅವರೊಡನೆ ವಾದಕ್ಕಿಳಿಯುವುದು ನನ್ನ ಸ್ವಭಾವವಲ್ಲ; ಆದರೆ ಯಾಮಾಹಾದವರು 1983ರಲ್ಲಿ ಹೊರತಂದ ಡಿಎಕ್ಸ್7 ಎಂಬ ಡಿಜಿಟಲ್ ಸಿಂಥಸೈಜರಿನ ಮುಂದೆ ಕುಳಿತಾಗಲೆಲ್ಲ, ಅವರು ಅಷ್ಟೊಂದು ಆದರದಿಂದ ಕಾಣುವ ಕಂಪಿತ ಗಮಕದ ದೂರದ ಬಂಧುವೊಂದು ಈ ಯಂತ್ರದ ಮೂಲದಲ್ಲಿಯೇ ಅಡಗಿರುವುದನ್ನು ನೆನೆದು ಒಳಗೊಳಗೇ ನಗುತ್ತೇನೆ.

1967ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ, ಜಾನ್ ಚೌನಿಂಗ್ ಎಂಬ ಸಂಗೀತ ರಚನಕಾರರು ವೈಬ್ರಾಟೊವನ್ನು, ಎಂದರೆ ಸ್ವರವನ್ನು ಅದರ ಸ್ಥಾನದ ಮೇಲಕ್ಕೂ ಕೆಳಕ್ಕೂ ತೂಗುವ ಕಂಪನವನ್ನು, ಗಣಕಯಂತ್ರದಲ್ಲಿ ಪ್ರಯೋಗಿಸುತ್ತಿದ್ದರು. ಅದರ ವೇಗವನ್ನೂ ವ್ಯಾಪ್ತಿಯನ್ನೂ ಯಾವ ಕೊರಳೂ ಯಾವ ಬೆರಳೂ ಮುಟ್ಟಲಾರದಷ್ಟು ಹೆಚ್ಚಿಸುತ್ತ ಹೋದಂತೆ, ಸೆಕೆಂಡಿಗೆ ಸುಮಾರು 20 ತೂಗಾಟಗಳಾಚೆ ಕಿವಿಯು ಎಣಿಸುವುದನ್ನೇ ಕೈಬಿಟ್ಟಿತು. ತೂಗಾಟವು ಮಾಯವಾಗಿ, ಅದಿದ್ದ ಎಡೆಯಲ್ಲಿ ಹೊಸದೊಂದು ನಾದವರ್ಣವು ಮೂಡಿತು. ಈ ಫ್ರೀಕ್ವೆನ್ಸಿ ಮಾಡ್ಯುಲೇಷನ್ನಿನ ವಿವರವನ್ನು ಅವರು 1973ರಲ್ಲಿ ಪ್ರಕಟಿಸಿದರು. ಯಾಮಾಹಾದವರು ವಿಶ್ವವಿದ್ಯಾನಿಲಯದಿಂದ ಅದರ ಹಕ್ಕನ್ನು ಪಡೆದರು.

ಡಿಎಕ್ಸ್7ರಲ್ಲಿ ಸ್ವರವೊಂದಕ್ಕೆ ಆರು ಆಪರೇಟರುಗಳು. ಒಂದೊಂದೂ ಬಲ್ಲದ್ದು ಶುದ್ಧವಾದ ಸೈನ್ ತರಂಗವೊಂದನ್ನು ಮಾತ್ರ. ನಮಗೆ ಕೇಳಿಸುವುದು ಕ್ಯಾರಿಯರ್, ತಾನು ಮರೆಯಲ್ಲಿದ್ದು ಅದನ್ನು ನಡುಗಿಸುವುದು ಮಾಡ್ಯುಲೇಟರ್. ಯಾವುದು ಯಾವುದನ್ನು ನಡುಗಿಸಬೇಕೆಂಬ ವಿನ್ಯಾಸಕ್ಕೆ ಆಲ್ಗರಿದಮ್ ಎನ್ನುತ್ತಾರೆ, ಅಂಥವು ಇದರಲ್ಲಿ 32. ಎರಡರ ಕಂಪನಾಂಕಗಳು 1:1, 1:2 ಎಂಬಂಥ ಸರಳ ಅನುಪಾತದಲ್ಲಿದ್ದರೆ ಉಪಸ್ವರಗಳೆಲ್ಲ ಆಧಾರಸ್ವರಕ್ಕೆ ಹೊಂದಿಕೊಂಡು ಇಂಪಾಗಿ ನಿಲ್ಲುತ್ತವೆ, 1:1.4 ಎಂದು ತುಸು ಕೆಡಿಸಿದೆವೋ, ಆ ಹೊಂದಿಕೆ ಚದರಿ ಗಂಟೆಯ ಕಂಚು ಕೇಳಿಸುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಎನ್ವಲಪ್ಪು. ಧ್ವನಿಯು ಏರುವ ಅಟ್ಯಾಕ್, ಇಳಿಯುವ ಡಿಕೇ, ಬೆರಳು ಒತ್ತಿರುವಷ್ಟು ಹೊತ್ತು ನಿಲ್ಲುವ ಸಸ್ಟೇನ್, ಬೆರಳೆತ್ತಿದ ಮೇಲೆ ಆರುವ ರಿಲೀಸ್ ಎಂದು ಸಾಮಾನ್ಯವಾಗಿ ಅದಕ್ಕೆ ನಾಲ್ಕು ಅವಸ್ಥೆಗಳು. ಇದೇ ರೇಖೆಯನ್ನು ಕ್ಯಾರಿಯರಿಗೆ ಹಾಕಿದರೆ ಬದಲಾಗುವುದು ಸದ್ದಿನ ಪ್ರಮಾಣ. ಮಾಡ್ಯುಲೇಟರಿಗೆ ಹಾಕಿದರೋ, ಬದಲಾಗುವುದು ಬಣ್ಣವೇ! ತುತ್ತೂರಿಯ ಸ್ವರವು ಬಲಗೊಂಡಂತೆಲ್ಲ ಅದರ ಮೇಲಣ ಉಪಸ್ವರಗಳು ತಲೆಯೆತ್ತುತ್ತವೆಂಬುದನ್ನು ಬೆಲ್ ಪ್ರಯೋಗಶಾಲೆಯಲ್ಲಿ ಝಾಂ ಕ್ಲೋದ್ ರಿಸೆ ಎಂಬ ಫ್ರೆಂಚ್ ವಿದ್ವಾಂಸರು ತೋರಿಸಿಕೊಟ್ಟಿದ್ದರು. ಆ ಮಾತನ್ನು ನಂಬಿ ಮಾಡ್ಯುಲೇಟರಿನ ಅಟ್ಯಾಕನ್ನು ಸ್ವಲ್ಪವೇ ನಿಧಾನಗೊಳಿಸಿದಾಗ, ಹಿತ್ತಾಳೆಯ ಕೊಳವೆಯಲ್ಲಿ ಗಾಳಿ ತುಂಬಿ ಬಂದಂತಾಗುವ ಆ ಕ್ಷಣಕ್ಕಾಗಿ ಇಡೀ ಸಂಜೆಯನ್ನು ಕಳೆದರೂ ನನಗೆ ಬೇಸರವಿಲ್ಲ.

ರಿವರ್ಬ್, ಡಿಲೇ, ಕೋರಸ್ ಮೊದಲಾದ ಎಫೆಕ್ಟುಗಳು ಈ ಯಂತ್ರದಲ್ಲಿಲ್ಲ. ಬೇಕಾದವರು ಹೊರಗಿನ ಪೆಟ್ಟಿಗೆಯನ್ನು ಜೋಡಿಸಿಕೊಳ್ಳಬೇಕು. ರಿವರ್ಬು ಸಾರಿನ ಇಂಗಿನಷ್ಟಿದ್ದರೆ ಸಾಕೆಂದು ನನ್ನ ಮತ. ಈಚಿನವರು ದೇವಸ್ಥಾನದ ಪ್ರಾಕಾರವನ್ನೇ ಒಂದೊಂದು ಸ್ವರದ ಬೆನ್ನಿಗೂ ಕಟ್ಟುತ್ತಾರೆ.

ಇನ್ನು ಫೀಡ್‌ಬ್ಯಾಕ್ ಎಂಬುದೊಂದಿದೆ. ಪ್ರತಿ ಆಲ್ಗರಿದಮ್ಮಿನಲ್ಲಿಯೂ ಒಂದೆಡೆ ನಾದವು ತನ್ನ ಮೂಲಕ್ಕೇ ಮರಳುವ ದಾರಿಯಿದ್ದು, ಬಹುಪಾಲು ಅವುಗಳಲ್ಲಿ ಆಪರೇಟರೊಂದು ತನ್ನನ್ನು ತಾನೇ ನಡುಗಿಸಿಕೊಳ್ಳುತ್ತದೆ. ಅದರ ಅಳತೆಯನ್ನು ಸೊನ್ನೆಯಿಂದ ಏಳರವರೆಗೆ ಏರಿಸುತ್ತ ಹೋದರೆ, ಅಷ್ಟು ಹೊತ್ತೂ ಮೃದುವಾಗಿದ್ದ ಸೈನ್ ತರಂಗವು ಗರಗಸದ ಹಲ್ಲುಗಳನ್ನು ಮೂಡಿಸಿಕೊಂಡು ಕರ್ಕಶವಾಗುತ್ತದೆ. ಕಚೇರಿಯ ಮಿತ್ರರು ಬಂದಾಗ ನಾನು ಅದನ್ನು ಮೂರರಾಚೆಗೆ ಒಯ್ಯುವುದಿಲ್ಲ.