ನೀರಿನ ದಾರಿ

ಮನೆಯು ಸೋರುವದು ನಮ್ಮ ಕಡೆಗೆ ಹೊಸ ಸಂಗತಿಯಲ್ಲ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಹುಟ್ಟಿ ಬೆಳೆದ ನಮ್ಮಂಥವರು ಮಳೆಗಾಲದ ರಾತ್ರಿಗಳಲ್ಲಿ ಹಾಸಿಗೆಯನ್ನು ಮೂಲೆಯಿಂದ ಮೂಲೆಗೆ ಎಳೆದಾಡಿದವರೇ. ಆದರೆ ಗಾಲಿಗಳ ಮೇಲೆ ಓಡುವ ಮನೆಯೊಂದು, ಅದೂ ಸುಡುವ ಬಿಸಿಲಿನಲ್ಲಿ ಸೋರಬಹುದೆಂದು ನಾನು ಎಂದೂ ಎಣಿಸಿರಲಿಲ್ಲ. ಅದರ ಕಾರಣವನ್ನು ಹುಡುಕುವ ಭರದಲ್ಲಿ ನಾನೊಂದು ತಪ್ಪು ಮಾಡಿದೆನು. ಅದನ್ನು ವಾಚಕರ ಮುಂದೆ ಒಪ್ಪಿಕೊಳ್ಳುವದಕ್ಕಾಗಿಯೇ ಈ ಲೇಖನ.

ನನ್ನ ಅಣ್ಣನ ಮಗನು ಹಳೆಯದೊಂದು ಪ್ರವಾಸದ ಗಾಡಿಯನ್ನು ಕೊಂಡು, ಹಿಂದಿನ ಆಸನಗಳನ್ನು ಕೀಳಿಸಿ, ಒಂದು ಮಂಚ, ಒಂದು ಸಣ್ಣ ಒಲೆ, ನೀರಿನ ಟಾಕಿ ಇಷ್ಟನ್ನು ಅದರಲ್ಲಿ ಕೂಡಿಸಿದನು. 84 ವರ್ಷದ ನಮ್ಮ ಅವ್ವ ಬಹಳ ಹೊತ್ತು ಕುಳಿತು ಪಯಣಿಸಲಾರಳು. ಆದರೆ ಮೂಡಲಗಿಯಲ್ಲಿರುವ ತಂಗಿಯನ್ನೂ, ಹುಕ್ಕೇರಿಯ ಕಡೆಗಿರುವ ತನ್ನ ತವರನ್ನೂ ಇನ್ನೊಮ್ಮೆ ಕಣ್ತುಂಬ ನೋಡಬೇಕೆಂಬುದು ಅವಳ ಹಂಬಲವಾಗಿದ್ದಿತು. ಮೇ ತಿಂಗಳಲ್ಲಿ ತಗಡಿನ ಗಾಡಿಯೆಂದರೆ ಒಲೆಯ ಮೇಲಿನ ಹಂಚು. ಆದುದರಿಂದ ಛತ್ತಿಗೆ ಚೌಕಾದ ತೂತು ಕೊರೆಯಿಸಿ, ಸುತ್ತಲೂ ರಬ್ಬರಿನ ಪಟ್ಟಿಯನ್ನಿರಿಸಿ, ಅದರ ಮೇಲೊಂದು ಏಸಿ ಯಂತ್ರವನ್ನು ಕೂಡಿಸಿದೆವು. ಕೂಡಿಸಿಕೊಟ್ಟವನು ಗೋಕಾಕದವನೇ ಆದ ಒಬ್ಬ ಎಳೆಯ ಫಿಟರನು.

ಮೊದಲು ಮೂಡಲಗಿಗೆ ಹೊರಟೆವು. ತಂಗಿಗೆಂದು ಅವ್ವ ಕರದಂಟಿನ ಡಬ್ಬಿಯನ್ನು ಮಗ್ಗುಲಲ್ಲಿಯೇ ಇಟ್ಟುಕೊಂಡಿದ್ದಳು. ಗಾಡಿಯು ತಣ್ಣಗಿದ್ದಿತು, ಅವಳಿಗೆ ನಿದ್ರೆ ಹತ್ತಿರಬೇಕೆಂದು ನಾವು ಮುಂದೆ ಕುಳಿತು ಸಂತೋಷಪಟ್ಟೆವು. ಊರು ಮುಟ್ಟಿ ಬಾಗಿಲು ತೆರೆದು ನೋಡಿದರೆ, ಅವಳು ತಲೆದಿಂಬನ್ನು ಒತ್ತಟ್ಟಿಗೆ ಸರಿಸಿ, ಆ ಸ್ಥಳದಲ್ಲಿ ಹಿತ್ತಾಳೆಯ ಬಟ್ಟಲನ್ನಿಟ್ಟು, ಮೇಲಿನಿಂದ ಬೀಳುವ ಹನಿಗಳನ್ನು ಸುಮ್ಮನೆ ನೋಡುತ್ತ ಮಲಗಿದ್ದಳು. ಬಟ್ಟಲು ಅರ್ಧ ತುಂಬಿದ್ದಿತು.

ಹಿಂದಿನ ಸಂಜೆ ಒಂದು ಅಡ್ಡಮಳೆ ಬಿದ್ದಿದ್ದಿತು. ಇಷ್ಟು ಸಾಕಾಯಿತು ನನಗೆ. ಪಟ್ಟಿಯನ್ನು ಸರಿಯಾಗಿ ಕೂಡಿಸಿಲ್ಲ, ಮಳೆಯ ನೀರು ಒಳಗೆ ನಿಂತು ಈಗ ಇಳಿಯುತ್ತಿದೆ ಎಂದು ನಿರ್ಣಯಿಸಿದೆನು. ಮರಳಿ ಬಂದವನೇ ಆ ಹುಡುಗನ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರಿನಲ್ಲಿ ಅವನ ಕೆಲಸವನ್ನು ಹಳಿದೆನು. ಉಳಿದ ಹಣವನ್ನು ಕೊಡುವದಿಲ್ಲವೆಂದೂ ಹೇಳಿದೆನು. “ಒಮ್ಮೆ ಬಿಚ್ಚಿ ನೋಡತೇನ್ರಿ” ಎಂದು ಅವನು ಅಂದದ್ದು ನನ್ನ ಕಿವಿಗೆ ಬೀಳಲಿಲ್ಲ. ಮರುದಿನ ಬೇರೆಯವರಿಂದ ಯಂತ್ರದ ಬುಡದ ಸುತ್ತಲೂ ನಾಲ್ಕು ಕಡೆಗೂ ದಪ್ಪನಾಗಿ ಅಂಟುಮೇಣವನ್ನು ಮೆತ್ತಿಸಿದೆನು. ಇರುವೆಯೂ ಒಳಗೆ ಹೋಗಬಾರದು, ಹಾಗೆ.

ಹದಿನೈದು ದಿನಗಳ ತರುವಾಯ ಹುಕ್ಕೇರಿಗೆ ಹೊರಟೆವು. ಮೃಗಶಿರ ಮಳೆಯು ಇನ್ನೂ ಹಿಡಿದಿರಲಿಲ್ಲ. ಆದರೆ ಗಾಳಿಯಲ್ಲಿ ಆವಿ ತುಂಬಿ ಮೈಯೆಲ್ಲ ಅಂಟಂಟು. ಘಟಪ್ರಭೆಯನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹನಿಯು ಧಾರೆಯಾಯಿತು. ಹಾಸಿಗೆ ತೊಯ್ದಿತು, ಅವ್ವನ ಸೀರೆ ತೊಯ್ದಿತು. ತಣ್ಣನೆಯ ಗಾಳಿ ಬೇರೆ. ಆ ರಾತ್ರಿ ತವರುಮನೆಯಲ್ಲಿ ಅವಳಿಗೆ ಜ್ವರ ಬಂದಿತು. ಎಷ್ಟೋ ವರ್ಷಗಳಿಂದ ಕಾಣಬೇಕೆಂದಿದ್ದ ಅಂಗಳವನ್ನು ಅವಳು ಮೂರು ದಿನ ಕಿಟಕಿಯಿಂದಲೇ ನೋಡಬೇಕಾಯಿತು. ರಾತ್ರಿ ಅವಳ ಕೆಮ್ಮನ್ನು ಕೇಳುತ್ತ ಕುಳಿತ ನನಗೆ, ನನ್ನ ಜಾಣತನದ ಬೆಲೆಯನ್ನು ಯಾರು ತೆರುತ್ತಿರುವರೆಂಬುದು ತಿಳಿಯಿತು.

ಹುಕ್ಕೇರಿಯಲ್ಲಿ, ಆದಿಲಶಾಹಿ ಕಾಲದ ಗುಮ್ಮಟಗಳು ಕಾಣುವಷ್ಟು ದೂರದಲ್ಲಿ, ಒಬ್ಬ ಮುದಿ ಮಿಸ್ತ್ರಿಯ ಅಂಗಡಿಯಿದೆ. ಗಾಡಿಯನ್ನು ಅಲ್ಲಿಗೆ ಒಯ್ದೆವು. ಅವನು ಛತ್ತನ್ನು ನೋಡಲೇ ಇಲ್ಲ. “ಮಾಸ್ತರ, ಇದು ಮಳಿಯಾಗ ಸೋರತೈತೋ, ಬಿಸಲಾಗ ಸೋರತೈತೋ?” ಎಂದು ಕೇಳಿದನು. ನಾನು ತಬ್ಬಿಬ್ಬಾದೆನು. ಎಲ್ಲಿಂದ ಸೋರುತ್ತದೆಂದು ಹುಡುಕಿದ್ದೆನೇ ಹೊರತು, ಯಾವಾಗ ಸೋರುತ್ತದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅವನು ಯಂತ್ರವನ್ನು ನಿಲ್ಲಿಸಿ ಛತ್ತಿನ ಮೇಲೆ ನಾಲ್ಕು ಕೊಡ ನೀರು ಸುರಿಸಿದನು. ಒಳಗೆ ಒಂದು ಹನಿಯೂ ಬೀಳಲಿಲ್ಲ. ಬಳಿಕ ಛತ್ತನ್ನು ಒರೆಯಿಸಿ ಯಂತ್ರವನ್ನು ನಡೆಯಿಸಿದನು. ಅರ್ಧ ತಾಸಿನಲ್ಲಿ ಹನಿ ಮೊದಲಾಯಿತು. “ನೀರ ಹೊರಗಿಂದಲ್ರಿ, ಒಳಗ ಹುಟ್ಟಿದ್ದು” ಎಂದನು.

ಸಂಗತಿಯು ಹೀಗಿದೆ. ಬಿಸಿಗಾಳಿಯು ಹಿಡಿದುಕೊಳ್ಳುವಷ್ಟು ಆವಿಯನ್ನು ತಣ್ಣನೆಯ ಗಾಳಿಯು ಹಿಡಿದುಕೊಳ್ಳಲಾರದು. 30 ಅಂಶ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿಯು ಸುಮಾರು 30 ಗ್ರಾಂ ಆವಿಯನ್ನು ಹೊರಬಲ್ಲದು. 15 ಅಂಶಕ್ಕೆ ಇಳಿದರೆ ಸುಮಾರು 13 ಗ್ರಾಂ ಮಾತ್ರ. ಹೊರಲಾರದ ಭಾರವನ್ನು ಅದು ಯಂತ್ರದ ತಣ್ಣನೆಯ ಕೊಳವೆಗಳ ಮೇಲೆ ನೀರಾಗಿ ಇಳುಹುವದು. 1902ರಲ್ಲಿ ಅಮೇರಿಕೆಯ ವಿಲಿಸ್ ಕ್ಯಾರಿಯರನು ಇಂಥ ಯಂತ್ರವನ್ನು ಯೋಜಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ. ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದ ಗಾಳಿಯ ತೇವವನ್ನು ಹತೋಟಿಯಲ್ಲಿಡುವದಕ್ಕಾಗಿ. ‘ಏರ್ ಕಂಡೀಶನಿಂಗ್’ ಎಂಬ ಹೆಸರನ್ನು 1906ರಲ್ಲಿ ಕೊಟ್ಟ ಸ್ಟುವರ್ಟ್ ಕ್ರೇಮರನು ಜವಳಿ ಗಿರಣಿಗಳ ಇಂಜಿನಿಯರನು. ಒಣಗಾಳಿಯಲ್ಲಿ ನೂಲು ಹರಿಯುವದರಿಂದ ಅವನು ಗಾಳಿಗೆ ತೇವವನ್ನು ಕೂಡಿಸುವ ಯತ್ನದಲ್ಲಿದ್ದನು. 1887ರಿಂದಲೇ ಘಟಪ್ರಭೆಯ ಧುಮುಕುವ ನೀರಿನ ಬಲದಿಂದ ನೂಲಿನ ಗಿರಣಿಯು ನಡೆದ ಊರಿನವರು ನಾವು. ಗಾಳಿಗೂ ನೀರಿಗೂ ಇರುವ ಈ ನಂಟು ನಮಗೆ ಹೊಸದಾಗಬಾರದಾಗಿತ್ತು. ನೀರು ಸುರಿಸುವದು ಯಂತ್ರದ ರೋಗವಲ್ಲ, ಅದರ ಧರ್ಮವೇ ಸರಿ. ಆ ನೀರು ಹೊರಗೆ ಹೋಗುವ ದಾರಿಯು ತೆರೆದಿರಬೇಕು, ಅಷ್ಟೇ.

ಮಿಸ್ತ್ರಿಯು ಮುಚ್ಚಳವನ್ನು ಬಿಚ್ಚಿದನು. ಕೊಳವೆಗಳ ಕೆಳಗೊಂದು ತಟ್ಟೆ; ನೀರು ಛತ್ತಿನ ಮೇಲೆ ಹರಿದು ಹೋಗಲೆಂದು ಅದಕ್ಕೆ ಎರಡು ತೂತುಗಳು. ನಮ್ಮ ಗಾಡಿಯು ಬೇವಿನ ಗಿಡದ ಕೆಳಗೆ ನಿಲ್ಲುವದು. ಅದರ ಎಲೆ ಮತ್ತು ದೂಳು ಕೆಸರಾಗಿ ಒಂದು ತೂತನ್ನು ಕಟ್ಟಿದ್ದಿತು. ಮೂಡಲಗಿಯ ಹಾದಿಯಲ್ಲಿ ಬಿದ್ದ ಹನಿಗಳು ಅದರಿಂದ. ಇನ್ನೊಂದು ತೂತಿನಿಂದ ಇಳಿದ ನೀರಿಗೂ ಹೊರಬೀಳಲು ಎಡೆಯಿಲ್ಲದಂತೆ ಮಾಡಿದವನು ನಾನು. ನಾನು ಮೆತ್ತಿಸಿದ ಮೇಣವು ನೀರನ್ನು ಬುಡದಲ್ಲಿಯೇ ಕಟ್ಟಿ ನಿಲ್ಲಿಸಿ, ರಬ್ಬರಿನ ಪಟ್ಟಿಯ ಮೇಲೆ ಹಾಯಿಸಿ, ಅವ್ವನ ಮೈಮೇಲೆ ಕೆಡವಿದ್ದಿತು. ಆ ಹುಡುಗನು ಕೂಡಿಸಿದ ಪಟ್ಟಿಯಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಮಿಸ್ತ್ರಿಯು ಮೇಣವನ್ನು ಕೆರೆದು, ತೂತುಗಳನ್ನು ಸ್ವಚ್ಛ ಮಾಡಿ, ದೂಳು ತುಂಬಿದ ಗಾಳಿಯ ಜಾಳಿಗೆಯನ್ನು ತೊಳೆದನು. ಅದು ಕಟ್ಟಿದರೆ ಕೊಳವೆಗಳ ಮೇಲೆ ಹಿಮಗಡ್ಡೆ ಬೆಳೆದು, ಯಂತ್ರವು ನಿಂತ ಮೇಲೆ ಒಮ್ಮೆಲೆ ಕರಗಿ ಸುರಿಯುವದಂತೆ.

ಇದನ್ನೆಲ್ಲ ಹೇಳಿದಾಗ ಅವ್ವ ಮಲಗಿದಲ್ಲಿಂದಲೇ ನಕ್ಕಳು. “ನಿಮ್ಮಪ್ಪ ಮಾಳಿಗಿ ಏರಿದಾಗ ಮದಲ ಏನ್ ನೋಡತಿದ್ದ, ಮರತಿಯೇನು?” ಎಂದಳು. ನನಗೆ ನೆನಪಾಯಿತು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವಾಗ ಅಪ್ಪ ಮೊದಲು ಕುಂಬಿಯ ಮಗ್ಗುಲಲ್ಲಿ ಕುಳಿತು, ದೋಣಿಯೊಳಗೆ ಕೋಲು ಹಾಕಿ ಕಸವನ್ನು ತೆಗೆಯುತ್ತಿದ್ದನು. ನೀರಿಗೆ ದಾರಿ ಮಾಡಿಕೊಟ್ಟ ಮೇಲೆಯೇ ಅವನು ಮಣ್ಣಿನ ಬುಟ್ಟಿಯನ್ನು ಮುಟ್ಟುತ್ತಿದ್ದನು. ನಾನು ಬುಟ್ಟಿಯಿಂದಲೇ ಆರಂಭಿಸಿದ್ದೆನು.

ಗೋಕಾಕಕ್ಕೆ ಬಂದ ದಿನವೇ ಉಳಿದ ಹಣವನ್ನು ತೆಗೆದುಕೊಂಡು ಆ ಹುಡುಗನ ಅಂಗಡಿಗೆ ಹೋದೆನು. ಅಲ್ಲಿ ಗಿರಾಕಿಗಳಿದ್ದರು. ಇಲ್ಲದ ಹೊತ್ತಿನಲ್ಲಿ ಬರೋಣವೇ ಎಂದು ಒಂದು ಕ್ಷಣ ಅನಿಸಿತು. ಆದರೆ ಹಳಿದದ್ದು ಜನರೆದುರಿನಲ್ಲಿ. ತಪ್ಪು ನನ್ನದೆಂದು ಎಲ್ಲರೂ ಕೇಳುವಂತೆ ಹೇಳಿದೆನು. ಅವನು ಹಣವನ್ನು ಎಣಿಸದೆ ಗಲ್ಲೆಯಲ್ಲಿ ಹಾಕಿದನು. ಕೈಯೊಳಗಿನ ಪಾನಾವನ್ನು ಕೆಳಗಿಟ್ಟು, “ಅವ್ವಾರು ಈಗ ಹೆಂಗದಾರ್ರಿ?” ಎಂದಷ್ಟೇ ಕೇಳಿದನು.

ಅವ್ವ ಈಗ ಹುಷಾರಾಗಿರುವಳು. ಪ್ರಯಾಣಕ್ಕೆ ಹೊರಡುವ ಮುನ್ನ ನಾನು ಏಣಿಯನ್ನು ಹಚ್ಚಿ, ಸಣ್ಣದೊಂದು ಕಡ್ಡಿಯಿಂದ ಆ ಎರಡು ತೂತುಗಳನ್ನು ನೋಡಿ ಬರುವೆನು. ಅವ್ವ ಮಾತ್ರ ತನ್ನ ಹಿತ್ತಾಳೆಯ ಬಟ್ಟಲನ್ನು ಇನ್ನೂ ಮನೆಯಲ್ಲಿ ಬಿಟ್ಟು ಬರುವದಿಲ್ಲ.